ಗ್ರೀಕ್ ವೀರಲಕ್ಷಣ ಮತ್ತು ಒಂದು ಗಲ್ಫ್ ಬ್ಲಾಂಕೆಟ್

ಮಂಗಳೂರಿನಲ್ಲಿ ಈಗ ಎರಡು ಬಸ್‌ಸ್ಟಾಪಿಗೊಂದು ಸೇಫ್ಟಿ ಡಿಪ್ಲೊಮಾ ಕೊಡುವ ಸಂಸ್ಥೆ ಇದೆ. ಅಲ್ಲಿ ಪಾಸಾದವರು ನನ್ನ ನಂಬರು ಎಲ್ಲಿಂದಲೋ ಹುಡುಕಿ ಫೋನ್ ಮಾಡುತ್ತಾರೆ. "ಅಂಕಲ್, ನೀವು ಸೌದಿಯ ಜುಬೈಲಿನಲ್ಲಿ ಇಪ್ಪತ್ತಾರು ವರ್ಷ ಸೇಫ್ಟಿ ಆಫೀಸರ್ ಆಗಿದ್ರಂತೆ, ಕೆಲಸ ಹೇಗೆ?" ಎಂದು ಕೇಳುತ್ತಾರೆ. ಅವರಿಗೆ ನಿಜವಾಗಿ ಬೇಕಾದದ್ದು ಸಂಬಳ ಎಷ್ಟು, ಒಂದು ರೂಮಿನಲ್ಲಿ ಎಷ್ಟು ಜನ ಎಂಬ ಎರಡೇ ಉತ್ತರ. ನನಗೆ ಹೇಳಬೇಕಾಗಿರುವುದು ಬೇರೆ. ಅದನ್ನು ಫೋನಿನಲ್ಲಿ ಕೇಳುವ ತಾಳ್ಮೆ ಅವರಿಗಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಓದುವ ತಾಳ್ಮೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಈ ಕೆಲಸವನ್ನು ನೀವು ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ. ಅದೇ ಇದರ ದೊಡ್ಡ ಕಷ್ಟ. ವೆಲ್ಡರ್ ದುಡಿದರೆ ಪೈಪು ಕೂಡುತ್ತದೆ, ಅಡುಗೆಯವನು ದುಡಿದರೆ ಅನ್ನ ಬೇಯುತ್ತದೆ. ಸೇಫ್ಟಿಯವನು ದುಡಿದರೆ ಬೆಳಗ್ಗೆ ಕಂಪನಿ ಬಸ್ಸಿನಿಂದ ಇಳಿದವರೆಲ್ಲ ಸಂಜೆ ಹಾಗೆಯೇ ಬಸ್ಸು ಹತ್ತುತ್ತಾರೆ. ಇವನು ಇಡೀ ದಿನ ಎಂತ ಮಾಡಿದ ಎಂದು ಯಾರಾದರೂ ಕೇಳಿದರೆ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಬೈಗುಳ ಮಾತ್ರ ಹತ್ತು ಭಾಷೆಯಲ್ಲಿ ಸಿಗುತ್ತದೆ.

ನಾನು ಸೇರಿದ ವರ್ಷ ನಮ್ಮ ಸೈಟಿನಲ್ಲಿ ಆದ ಮೊದಲ ಅಪಘಾತ ನನ್ನದೇ. ಏಣಿ ಹತ್ತುವಾಗ ಕೆಳಗೆ ಇನ್ನೊಬ್ಬರು ಹಿಡಿದಿರಬೇಕು ಎಂಬ ಪೋಸ್ಟರನ್ನು ಗೋಡೆಗೆ ಹೊಡೆಯಲು ನಾನು ಏಣಿ ಹತ್ತಿದ್ದೆ. ಕೆಳಗೆ ಯಾರೂ ಹಿಡಿದಿರಲಿಲ್ಲ. ಸುತ್ತಿಗೆ, ಮೊಳೆ, ಪೋಸ್ಟರ್ ಸಮೇತ ಕೆಳಗೆ ಬಂದೆ. ಅದರ ವರದಿಯನ್ನೂ ನಾನೇ ಬರೆಯಬೇಕಾಯಿತು. ಗಾಯಾಳುವಿನ ಹೇಳಿಕೆ ಎಂಬಲ್ಲಿ 'ಏಣಿ ಸರಿಯಿರಲಿಲ್ಲ' ಎಂದು ಬರೆದೆ. ತನಿಖಾಧಿಕಾರಿಯ ಅಭಿಪ್ರಾಯ ಎಂಬಲ್ಲಿ 'ಗಾಯಾಳುವಿನ ಹೇಳಿಕೆ ನಂಬುವಂತಿಲ್ಲ' ಎಂದು ಬರೆದೆ. ಎರಡಕ್ಕೂ ಒಂದೇ ಸಹಿ.

ಆಗ ನಮ್ಮ ಕೈಯಲ್ಲಿ ಒಂದು ಸೀಟಿ, ಒಂದು ಕೆಂಪು ಪೆನ್ನು ಇರುತ್ತಿತ್ತು. ಈಗ ಟ್ಯಾಬ್ಲೆಟ್ ಕೊಡುತ್ತಾರೆ. ಸೀಟಿ ಊದಿದರೆ ಬೀಳಲಿದ್ದವನು ನಿಲ್ಲುತ್ತಿದ್ದ. ಟ್ಯಾಬ್ಲೆಟ್ ಒತ್ತಿದರೆ ಅದು ಪಾಸ್‌ವರ್ಡ್ ಕೇಳುತ್ತದೆ. ಬದಲಾಗದೆ ಉಳಿದದ್ದು ಟೂಲ್‌ಬಾಕ್ಸ್ ಟಾಕ್ ಒಂದೇ. ಬೆಳಗ್ಗೆ ಐದೂವರೆಗೆ ಗೇಟಿನ ಹೊರಗಿನ ಯಾರ್ಡಿನಲ್ಲಿ ಮುನ್ನೂರು ಜನರನ್ನು ನಿಲ್ಲಿಸಿ, ಕೇಬಲ್ ಸುತ್ತುವ ಮರದ ದೊಡ್ಡ ಡ್ರಮ್ಮಿನ ಮೇಲೆ ಹತ್ತಿ, ಮೈಕಿನಲ್ಲಿ ಆ ದಿನದ ಅಪಾಯಗಳನ್ನು ಹೇಳುವುದು. ಅರ್ಧ ಜನ ಕಪ್ಪು ಕನ್ನಡಕ ಹಾಕಿಕೊಂಡು ನಿಂತಲ್ಲೇ ನಿದ್ದೆ ಮುಗಿಸುತ್ತಾರೆ. ಯಾರು ಎಂದು ತಿಳಿಯಬೇಕಾದರೆ 'ಯಲ್ಲಾ', ಅಂದರೆ ಇನ್ನು ನಡೆಯಿರಿ, ಎಂದ ಮೇಲೂ ಕದಲದವರನ್ನು ನೋಡಬೇಕು.

ನಾನು ಶಿರ್ವದ ಕಡೆಯವನು. ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುವ ವಾಡಿಕೆ ಇದೆಯಲ್ಲ, ಹಾಗೆ ಕ್ಯಾಂಪಿನ ಊರಿನವರಿಗೆಲ್ಲ ನಾನು ಸೇಫ್ಟಿ ಪೊರ್ಬು. ಬೆನ್ನ ಹಿಂದೆ ಬೇರೆ ಹೆಸರುಗಳೂ ಇದ್ದವು. ಅವನ್ನು ಇಲ್ಲಿ ಬರೆಯುವುದು ಬೇಡ.

ನನ್ನ ಕೊನೆಯ ಪ್ರಾಜೆಕ್ಟಿಗೆ ಒಬ್ಬ ಗ್ರೀಕ್ ಮ್ಯಾನೇಜರ್ ಬಂದರು. ಹೆಸರು ಸ್ಟೆಲಿಯೋಸ್. ಕೆಲಸಗಾರರಿಗೆ ಅವರು 'ಯೂನಾನಿ ಮುದೀರ್', ಮುದೀರ್ ಎಂದರೆ ಅಲ್ಲಿ ಮ್ಯಾನೇಜರ್. ಆಳು ಗಿಡ್ಡ, ದನಿ ದೊಡ್ಡದು, ಇಂಗ್ಲಿಷಿನಲ್ಲಿ ಅರ್ಧ ಬಾಯಿಯಿಂದ ಬಂದರೆ ಉಳಿದರ್ಧ ಕೈಯಿಂದ ಬರುತ್ತಿತ್ತು. ಅವರಿಗೆ ತಮ್ಮ ದೇಶದ ಪ್ರಾಚೀನ ಮಹಾಕಾವ್ಯಗಳ ಹುಚ್ಚು. ಮೀಟಿಂಗಿನಲ್ಲಿ ಕಾಂಕ್ರೀಟ್ ತಡವಾಯಿತು ಎಂದರೆ ಸಾಕು, ಮೂರು ಸಾವಿರ ವರ್ಷ ಹಿಂದಕ್ಕೆ ಹೋಗಿ, ಗಾಳಿ ಬೀಸದೆ ಯುದ್ಧದ ಹಡಗುಗಳೆಲ್ಲ ದಡದಲ್ಲಿ ನಿಂತ ಕತೆ ಹೇಳಿ ವಾಪಸ್ ಬರುತ್ತಿದ್ದರು. ಅಷ್ಟರಲ್ಲಿ ಕಾಂಕ್ರೀಟೂ ಬಂದಿರುತ್ತಿತ್ತು.

ಆ ವರ್ಷ ಹೆಡ್ ಆಫೀಸಿನಿಂದ ಒಂದು ಸುತ್ತೋಲೆ ಬಂತು. ಪ್ರತಿ ತಿಂಗಳ ಕೊನೆಯ ಗುರುವಾರ ಒಬ್ಬ ಕೆಲಸಗಾರನನ್ನು 'ಸೇಫ್ಟಿ ಹೀರೋ' ಎಂದು ಆರಿಸಿ ಬಹುಮಾನ ಕೊಡಬೇಕು. ಬಹುಮಾನ ಒಂದು ಡಬಲ್ ಬ್ಲಾಂಕೆಟ್. ಊರಿನವರಿಗೆ ಗಲ್ಫ್ ಬ್ಲಾಂಕೆಟ್ ಎಂದರೆ ಏನೆಂದು ಗೊತ್ತೇ ಇದೆ. ಹುಲಿಯ ಚಿತ್ರವಿರುವ, ಇಬ್ಬರು ಸೇರಿ ಮಡಚಬೇಕಾದ ಆ ಬ್ಲಾಂಕೆಟ್ಟನ್ನು ಮಂಗಳೂರಿನ ಸೆಕೆಯಲ್ಲಿ ಯಾರೂ ಹೊದೆಯುವುದಿಲ್ಲ, ಕಪಾಟಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಡುತ್ತಾರೆ.

ಸುತ್ತೋಲೆ ಓದಿದ ಸ್ಟೆಲಿಯೋಸ್ ನನ್ನನ್ನು ಕರೆದರು. "ಹೀರೋ ನಮ್ಮ ಭಾಷೆಯ ಶಬ್ದ. ಅದನ್ನು ಯಾರಿಗೆ ಕೊಡಬೇಕು ಎಂದು ಹೆಡ್ ಆಫೀಸಿನವರು ನನಗೆ ಹೇಳಿಕೊಡುವುದು ಬೇಡ. ಬರೆದುಕೊಳ್ಳಿ."

ನಾನು ಬರೆದುಕೊಂಡೆ.

"ಧೈರ್ಯ. ಈಟಿಗೆ ಎದೆ ಕೊಟ್ಟು ನಿಲ್ಲಬೇಕು."

"ಎದೆಯ ಮೇಲೆ ರಿಫ್ಲೆಕ್ಟರ್ ಜಾಕೆಟ್ ಇರಬೇಕು ಸರ್" ಎಂದೆ.

"ಬಲ. ಈಗಿನ ಇಬ್ಬರು ಎತ್ತಲಾರದ ಕಲ್ಲನ್ನು ಒಬ್ಬನೇ ಎತ್ತಬೇಕು."

"ಇಪ್ಪತ್ತೈದು ಕಿಲೋಗಿಂತ ಹೆಚ್ಚು ಒಬ್ಬನೇ ಎತ್ತಿದರೆ ನಾನು ಮೆಮೊ ಕೊಡಬೇಕಾಗುತ್ತದೆ."

ಅವರು ನನ್ನನ್ನು ಕರುಣೆಯಿಂದ ನೋಡಿದರು. ಆಮೇಲೆ ಮಾತುಗಾರಿಕೆ ಎಂದರು. ಅವರ ಕಾವ್ಯಗಳಲ್ಲಿ ಕೈ ಎಷ್ಟು ಓಡುತ್ತದೋ ಸಭೆಯಲ್ಲಿ ನಾಲಗೆಯೂ ಅಷ್ಟೇ ಓಡಬೇಕಂತೆ. ಇನ್ನೊಂದು ಉಪಾಯ, ಅಂದರೆ ಇಕ್ಕಟ್ಟಿನಿಂದ ಬುದ್ಧಿ ಓಡಿಸಿ ಪಾರಾಗುವುದು. ಮತ್ತೊಂದು ಅತಿಥಿ ಸತ್ಕಾರ, ಬಂದವನಿಗೆ ಮೊದಲು ಊಟ ಕೊಟ್ಟು ಆಮೇಲೆ ಯಾರು ಎಂದು ಕೇಳುವುದು. ಎಲ್ಲಕ್ಕಿಂತ ಮುಖ್ಯ ಮಾನ. ಯುದ್ಧದಲ್ಲಿ ಗೆದ್ದ ವಸ್ತುವಿನ ಬೆಲೆ ಎಷ್ಟು ಎಂಬುದು ದೊಡ್ಡದಲ್ಲ, ಅದನ್ನು ಎಲ್ಲರ ಎದುರು ಅವನ ಕೈಗೆ ಕೊಟ್ಟದ್ದು ದೊಡ್ಡದು. ಕೊಟ್ಟದ್ದನ್ನು ಕಿತ್ತುಕೊಂಡರೆ ಇಡೀ ಸೈನ್ಯ ಮುಳುಗಿದರೂ ಅವನು ಯುದ್ಧಕ್ಕೆ ಬರುವುದಿಲ್ಲ ಎಂದರು.

"ಕೊನೆಯದು, ಏಳನೆಯದು, ಸತ್ತ ಮೇಲೆ ಉಳಿಯುವ ಕೀರ್ತಿ."

ನಾನು ಪೆನ್ನು ಕೆಳಗಿಟ್ಟೆ. "ಸರ್, ಸತ್ತ ಮೇಲೆ ಎಂಬ ಕಾಲಂ ಇರುವ ಸೇಫ್ಟಿ ಫಾರ್ಮಿಗೆ ನಾನು ಸಹಿ ಹಾಕುವುದಿಲ್ಲ."

"ಅದಿಲ್ಲದೆ ಹೀರೋ ಇಲ್ಲ."

"ಅದಿದ್ದರೆ ನನಗೆ ಕೆಲಸ ಇಲ್ಲ."

ಅರ್ಧ ಗಂಟೆ ಜಗಳವಾಡಿ ಕೊನೆಗೆ ನಾನೇ ಗೆದ್ದೆ. ಏಳನೆಯ ಕಾಲಮ್ಮಿನಲ್ಲಿ ಕೀರ್ತಿಯನ್ನು ತೆಗೆದು 'ಆ ತಿಂಗಳ ಘಟನೆಗಳು: ಸೊನ್ನೆ ಇರತಕ್ಕದ್ದು' ಎಂದು ಬರೆದೆ. ಬಹಳ ಬುದ್ಧಿವಂತ ಕೆಲಸ ಮಾಡಿದೆ ಎಂದುಕೊಂಡು ಆ ದಿನ ಮೆಸ್ಸಿನಲ್ಲಿ ಒಂದು ಕುಬ್ಬೂಸ್ ರೊಟ್ಟಿ ಹೆಚ್ಚು ತಿಂದೆ.

ಮೊದಲ ತಿಂಗಳು ಉಪಾಯದ ಕಾಲಮ್ಮಿನಲ್ಲಿ ಹೆಚ್ಚು ಅಂಕ ಪಡೆದು ಒಬ್ಬ ಪ್ಲಂಬರ್ ಗೆದ್ದ. ನಾನು ಬರುವುದು ದೂರದಿಂದಲೇ ತಿಳಿಯಲೆಂದು ಅವನು ನನ್ನ ಪಿಕಪ್ಪಿನ ಅಡಿಗೆ ಖಾಲಿ ಡಬ್ಬವೊಂದನ್ನು ಕಟ್ಟಿದ್ದ. ಎರಡು ವಾರ ನಾನು ಗಾಡಿ ಹಾಳಾಗಿದೆ ಎಂದುಕೊಂಡಿದ್ದೆ. ಅವನಿಗೆ ಮೆಮೊ ಕೊಡಬೇಕೆಂದು ನಾನು, ಬ್ಲಾಂಕೆಟ್ ಕೊಡಬೇಕೆಂದು ಸ್ಟೆಲಿಯೋಸ್. ಎರಡನ್ನೂ ಕೊಟ್ಟೆವು. ಅತಿಥಿ ಸತ್ಕಾರದ ಕಾಲಮ್ಮಿನಿಂದ ಯಾರನ್ನೂ ಆರಿಸಲಾಗಲಿಲ್ಲ. ಕ್ಯಾಂಪಿನ ಮುನ್ನೂರು ಜನರಿಗೂ ಪೂರ್ತಿ ಅಂಕ, ನಾನು ಪರೀಕ್ಷೆಗೆಂದು ಹೋದ ಕಡೆಯೆಲ್ಲ ಚಾ ಕುಡಿದು ಮೂರು ದಿನ ನಿದ್ದೆ ಬರಲಿಲ್ಲ.

ಆದರೆ ಸ್ಟೆಲಿಯೋಸ್ ತಂದ ಒಂದು ಪದ್ಧತಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಅವರ ಕಾವ್ಯಗಳಲ್ಲಿ ವೀರರು ಕಾದಾಡುವ ಮೊದಲು ಎದುರುಬದುರು ನಿಂತು, ನಾನು ಇಂಥವನು, ಇಂಥವನ ಮಗ, ಇಂಥ ಊರಿನವನು ಎಂದು ಹೇಳಿಕೊಳ್ಳುತ್ತಾರಂತೆ. ಆದ್ದರಿಂದ ಭಾಷಣಕ್ಕೋ ಬಹುಮಾನಕ್ಕೋ ಡ್ರಮ್ಮಿನ ಮೇಲೆ ಹತ್ತುವವರೆಲ್ಲ ಮೊದಲು ಅಪ್ಪನ ಹೆಸರು, ಊರು ಹೇಳಬೇಕು ಎಂದು ಆಜ್ಞೆ ಮಾಡಿದರು. ಮೊದಲು ತಾವೇ ಹತ್ತಿದರು. "ನಾನು ಸ್ಟೆಲಿಯೋಸ್. ನನ್ನಪ್ಪ ಯಾನಿಸ್. ನಮ್ಮ ದ್ವೀಪದಲ್ಲಿ ಸಮುದ್ರದ ತಳಕ್ಕೆ ಮುಳುಗಿ ಸ್ಪಂಜು ತೆಗೆಯುತ್ತಿದ್ದ."

ಆ ದಿನ ಕನ್ನಡಕದ ಹಿಂದೆ ಯಾರೂ ನಿದ್ದೆ ಮಾಡಲಿಲ್ಲ. ಅಲ್ಲಿ ನಾವೆಲ್ಲ ಇಕಾಮಾ ಎಂಬ ವಾಸದ ಪರವಾನಗಿಯ ನಂಬರಿನಿಂದ, ಇಲ್ಲವೇ ಕೆಲಸದ ಹೆಸರಿನಿಂದ ಗುರುತು. ಏ ವೆಲ್ಡರ್, ಏ ಡ್ರೈವರ್. ಅಂಥ ಕಡೆ ಬಹುಮಾನ ಗೆದ್ದ ಒಬ್ಬೊಬ್ಬನೂ ಡ್ರಮ್ಮು ಹತ್ತಿ ಎಲ್ಲೋ ನೇಪಾಳದ ಹಳ್ಳಿಯ ಬಡಗಿಯ ಹೆಸರನ್ನೋ, ಬಿಹಾರದ ಗಾಡಿ ಹೊಡೆಯುವವನ ಹೆಸರನ್ನೋ ಮೈಕಿನಲ್ಲಿ ಕೂಗಿ ಹೇಳಿದಾಗ ಜನ ಹೆಲ್ಮೆಟ್ ಬಡಿದು ಚಪ್ಪಾಳೆ ಹೊಡೆಯುತ್ತಿದ್ದರು. ಬ್ಲಾಂಕೆಟ್ಟಿನ ಆಸೆಗಿಂತ ಆ ಒಂದು ನಿಮಿಷದ ಆಸೆ ದೊಡ್ಡದಾಯಿತು.

ಆ ಆಸೆ ಎಲ್ಲರಿಗಿಂತ ಹೆಚ್ಚು ಇದ್ದದ್ದು ಉಸ್ಮಾನಾಕನಿಗೆ. ಹೆಸರು ಉಸ್ಮಾನ್, ಹಿರಿಯನೆಂದು ಎಲ್ಲರಿಗೂ ಉಸ್ಮಾನಾಕ. ಮಂಗಳೂರಿನ ಬಂದರಿನ ಬ್ಯಾರಿ ಮುಸ್ಲಿಮ, ನಮ್ಮ ದೊಡ್ಡ ಕ್ರೇನಿನ ಆಪರೇಟರ್. ಇಪ್ಪತ್ತೆರಡು ವರ್ಷ ಸೌದಿಯಲ್ಲಿ ದುಡಿದು ಫೈನಲ್ ಎಕ್ಸಿಟ್ ಪಡೆದು ಊರಿಗೆ ಹೊರಟಿದ್ದ, ಇನ್ನು ಎರಡು ವಾರ ಉಳಿದಿತ್ತು. ವೀರರು ಬಡಾಯಿ ಕೊಚ್ಚಬೇಕು ಎಂಬ ನಿಯಮವಿದ್ದರೆ ಅವನೇ ಮೊದಲ ವೀರ. "ಪೊರ್ಬುಗಳೇ, ಚಾ ಗ್ಲಾಸಿನ ಮೇಲೆ ಇಪ್ಪತ್ತು ಟನ್ ಇಳಿಸ್ತೇನೆ, ಒಂದು ಹನಿ ಚೆಲ್ಲುದಿಲ್ಲ" ಎನ್ನುತ್ತಿದ್ದ. ನೋಡಿದವರು ಯಾರೂ ಇಲ್ಲ, ಆದರೆ ನಂಬದವರೂ ಇರಲಿಲ್ಲ.

ಆ ತಿಂಗಳ ಹೀರೋ ಉಸ್ಮಾನ್ ಎಂದು ಭಾನುವಾರ ನೋಟಿಸ್ ಬೋರ್ಡಿನಲ್ಲಿ ಹಾಕಿದೆವು. ಅವನು ಅದೇ ಹೊತ್ತಿಗೆ ಊರಿಗೆ ಫೋನ್ ಮಾಡಿ, ಗುರುವಾರ ಬೆಳಗ್ಗೆ ಎಂಟು ಗಂಟೆಗೆ ಉಪ್ಪನನ್ನು ಫೋನಿನ ಹತ್ತಿರ ಕೂರಿಸಲು ತಮ್ಮನಿಗೆ ಹೇಳಿದ. ಜುಬೈಲಿನ ಐದೂವರೆ ಎಂದರೆ ಊರಿನ ಎಂಟು. ಬ್ಯಾರಿಗಳ ಮನೆಯಲ್ಲಿ ಅಪ್ಪನಿಗೆ ಉಪ್ಪ ಎನ್ನುತ್ತಾರೆ. ಆ ಉಪ್ಪ, ಎಂಬತ್ತು ದಾಟಿದ ಕುಂಞಿಮೋನು, ಬಂದರಿನಲ್ಲಿ ಮಂಜಿ ಎಂಬ ಸರಕಿನ ಹಡಗುಗಳಿಂದ ಮೂಟೆ ಇಳಿಸುತ್ತಿದ್ದ ಹಮಾಲಿ. "ಅವರು ತಲೆಯಲ್ಲಿ ಹೊತ್ತದ್ದನ್ನೇ ನಾನು ಕ್ರೇನಿನಲ್ಲಿ ಹೊರುದು. ಒಂದು ಸಲ ಅವರ ಹೆಸರು ಮೈಕಿನಲ್ಲಿ ಹೇಳ್ಬೇಕು ಪೊರ್ಬುಗಳೇ, ಅವರು ಅಲ್ಲಿ ಕೂತು ಕೇಳ್ಬೇಕು. ಮತ್ತೆ ಎಂತದೂ ಬೇಡ" ಎಂದು ನನ್ನ ಹತ್ತಿರ ಎರಡೆರಡು ಸಲ ಹೇಳಿದ್ದ.

ಸೋಮವಾರ ನಮ್ಮ ನಿಯರ್ ಮಿಸ್ ಪೆಟ್ಟಿಗೆಯಲ್ಲಿ ಅವನದೊಂದು ಚೀಟಿ ಬಿತ್ತು. ನಿಯರ್ ಮಿಸ್ ಎಂದರೆ ಕೂದಲೆಳೆಯಲ್ಲಿ ತಪ್ಪಿದ ಅಪಘಾತ. ಕನ್ನಡದಲ್ಲಿ ಬರೆದಿದ್ದ: 'ಎರಡು ಟನ್ನಿನ ಪಂಪು ಇಳಿಸುವಾಗ ಗಾಳಿ ಬಂತು. ನಾನು ಗಾಳಿಯ ಮೀಟರ್ ನೋಡಿರಲಿಲ್ಲ. ಪಂಪು ತೂಗಿ ಪೈಪ್ ಸಾಲಿನಿಂದ ಒಂದು ಗೇಣು ದೂರದಲ್ಲಿ ಹೋಯಿತು. ಯಾರೂ ನೋಡಲಿಲ್ಲ. ತಪ್ಪು ನನ್ನದು.'

ನಾನು ಮಾಡಿದ್ದನ್ನು ಈಗ ಗಮನವಿಟ್ಟು ಓದಿ. ಫಾರ್ಮು ತೆಗೆದೆ. ಏಳನೆಯ ಕಾಲಂ: ಘಟನೆಗಳು ಸೊನ್ನೆ ಇರತಕ್ಕದ್ದು. ಉಸ್ಮಾನನ ಎದುರಿದ್ದ ಸೊನ್ನೆಯನ್ನು ಹೊಡೆದುಹಾಕಿ ಒಂದು ಎಂದು ಬರೆದೆ. ಉಸ್ಮಾನನ ಹೆಸರು ತೆಗೆದು, ಪಟ್ಟಿಯಲ್ಲಿ ಪೂರ್ತಿ ಸೊನ್ನೆ ಇದ್ದವರನ್ನು ಹುಡುಕಿದೆ. ಬಿಹಾರದ ರಫೀಕ್ ಸಿಕ್ಕಿದ. ಅವನು ಫೋರ್ಕ್‌ಲಿಫ್ಟ್ ಓಡಿಸುವವನು, ಅವನ ಫೋರ್ಕ್‌ಲಿಫ್ಟ್ ಕೆಟ್ಟು ತಿಂಗಳಿಡೀ ವರ್ಕ್‌ಶಾಪಿನಲ್ಲಿತ್ತು. ಆದ್ದರಿಂದ ಅವನ ದಾಖಲೆ ಹಾಲಿನ ಹಾಗೆ ಬೆಳ್ಳಗಿತ್ತು.

ಬುಧವಾರ ಸಂಜೆ ನೋಟಿಸ್ ಬದಲಾಯಿಸಿದೆ. ಉಸ್ಮಾನಾಕ ಬಂದು ಓದಿದ, ಎರಡು ಸಲ ಓದಿದ. "ಸರಿ ಪೊರ್ಬುಗಳೇ. ರೂಲ್ ಅಂದ್ರೆ ರೂಲ್" ಎಂದ. ಮರುದಿನ ರಫೀಕ್ ಡ್ರಮ್ಮು ಹತ್ತಿ ಬ್ಲಾಂಕೆಟ್ ಹಿಡಿದುಕೊಂಡು, "ಸಾಬ್, ಮೈನೇ ಕಿಯಾ ಕ್ಯಾ?", ನಾನು ಮಾಡಿದ್ದಾದರೂ ಏನು, ಎಂದು ನನ್ನನ್ನೇ ಕೇಳಿದ. ಏನೂ ಮಾಡದ್ದಕ್ಕೇ ಕೊಟ್ಟದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಶನಿವಾರದಿಂದ ಶುರುವಾಯಿತು. ಉಸ್ಮಾನಾಕ ಕೆಲಸ ಬಿಡಲಿಲ್ಲ, ಜಗಳ ಮಾಡಲಿಲ್ಲ, ರಜೆ ಹಾಕಲಿಲ್ಲ. ನಾನು ಬರೆದ ಸೇಫ್ಟಿ ಪುಸ್ತಕವನ್ನು ಕ್ರೇನಿನ ಕ್ಯಾಬಿನ್ನಿನಲ್ಲಿ ಇಟ್ಟುಕೊಂಡು, ಅದರಲ್ಲಿದ್ದದ್ದನ್ನು ಅಕ್ಷರ ಬಿಡದೆ ಪಾಲಿಸತೊಡಗಿದ. ಕ್ರೇನಿನ ನಾಲ್ಕು ಕಾಲುಗಳ ಕೆಳಗಿನ ನೆಲ ಗಟ್ಟಿಯಿದೆ ಎಂಬುದಕ್ಕೆ ಸಹಿ ಕೇಳಿದ. ಭಾರ ಎತ್ತುವ ಪಟ್ಟಿಗಳನ್ನು, ನಾವು ಸ್ಲಿಂಗ್ ಎನ್ನುತ್ತೇವೆ, ಒಂದೊಂದು ಅಂಗುಲ ಬೆರಳಾಡಿಸಿ ನೋಡಿದ. ಹತ್ತು ಗಂಟೆಗೆ ಮೊದಲ ಭಾರ ಎತ್ತುವ ಹೊತ್ತಿಗೆ ಗಾಳಿ ಬಂತು.

"ಗಾಳಿ ಉಂಟು, ಆಗುದಿಲ್ಲ" ಎಂದ.

"ಇಷ್ಟು ಗಾಳಿಗೆ ಎಂತ ಆಗ್ತದೆ ಮಾರಾಯ್ರೆ?" ಎಂದು ನಾನೇ ಕೇಳಿಬಿಟ್ಟೆ. ಇಪ್ಪತ್ತಾರು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೊಂದೇ ಸಲ.

"ನಿಮ್ಮ ಪುಸ್ತಕ, ನಲವತ್ತೊಂದನೇ ಪುಟ" ಎಂದ ಉಸ್ಮಾನಾಕ. "ಬೇಕಾದ್ರೆ ಹರಿದು ಹಾಕಿ, ಎತ್ತುತ್ತೇನೆ."

ಆ ವಾರ ನಮ್ಮ ಪ್ಲಾಂಟಿನ ದೊಡ್ಡ ಟವರನ್ನು ಎತ್ತಿ ನಿಲ್ಲಿಸಬೇಕಿತ್ತು. ಆ ಕ್ರೇನ್ ನಡೆಸುವ ಪರವಾನಗಿ ಕಾರ್ಡು ಇದ್ದವನು ಅವನೊಬ್ಬನೇ. ಸ್ಟೆಲಿಯೋಸ್ ಟವರಿನ ಸುತ್ತ ಮೂರು ದಿನ ಪ್ರದಕ್ಷಿಣೆ ಹಾಕಿ ನನ್ನ ಆಫೀಸಿಗೆ ಬಂದರು.

"ಇದು ಗಾಳಿಯಲ್ಲ. ಇದು ಸಿಟ್ಟು. ಈ ಸಿಟ್ಟು ನನಗೆ ಗೊತ್ತು, ನಮ್ಮ ಹಳೆಯ ಕಾವ್ಯಗಳು ಓಡುವುದೇ ಇದರ ಮೇಲೆ. ನೀನು ಅವನ ಬಹುಮಾನ ಕಿತ್ತುಕೊಂಡದ್ದು ಯಾಕೆ?"

"ನಾನು ಕಾಲಂ ತುಂಬಿದೆ ಸರ್."

"ಅವನಿಗೆ ಎರಡು ಬ್ಲಾಂಕೆಟ್ ಕೊಡು. ಮೂರು ಕೊಡು!"

ಹೋಗಿ ಹೇಳಿದೆ. "ನನಗೆ ಚಳಿ ಇಲ್ಲ ಅಂತ ಹೇಳಿ ಮುದೀರನಿಗೆ" ಎಂದ ಉಸ್ಮಾನಾಕ.

ನನಗೂ ಸಿಟ್ಟು ಬಂತು ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ರಿಜಿಸ್ಟರಿನಲ್ಲಿ ನಾನು ಒಂದು ದಿನ ವೈಟ್ನರ್ ಹಚ್ಚಿದವನಲ್ಲ, ಹೆಡ್ ಆಫೀಸಿಗೆ ಹೋದ ವರದಿಯನ್ನು ತಿದ್ದಿದವನಲ್ಲ. ಎಂಥದೋ ಒಂದು ಬ್ಲಾಂಕೆಟ್ಟಿಗಾಗಿ ಈಗ ತಿದ್ದಬೇಕೇ ಎಂದು ಹಟ ಹಿಡಿದೆ. ಅವನು ಕ್ಯಾಬಿನ್ನಿನಲ್ಲಿ, ನಾನು ಆಫೀಸಿನಲ್ಲಿ, ಇಬ್ಬರೂ ಮುಖ ಊದಿಸಿಕೊಂಡು ಕೂತೆವು. ನಡುವೆ ಟವರ್ ಮಲಗಿತ್ತು.

ನನ್ನ ಹಟ ಮುರಿದದ್ದು ನಿಯರ್ ಮಿಸ್ ಪೆಟ್ಟಿಗೆ. ದಿನಾ ಅದರಲ್ಲಿ ಎಂಟು ಹತ್ತು ಚೀಟಿ ಬೀಳುತ್ತಿದ್ದವು. ಮೆಸ್ಸಿನಲ್ಲಿ ದಾಲ್ ಚೆಲ್ಲಿ ಜಾರಿದೆ, ಬೆಕ್ಕು ಹೆಲ್ಮೆಟ್ಟಿನಲ್ಲಿ ಮರಿ ಹಾಕಿದೆ, ಹೀಗೆ ಅರ್ಧ ಹಾಸ್ಯ ಅರ್ಧ ನಿಜ. ಶನಿವಾರ ಪೆಟ್ಟಿಗೆ ಖಾಲಿ. ಭಾನುವಾರ ಖಾಲಿ. ಸೋಮವಾರವೂ ಖಾಲಿ. ಮಂಗಳವಾರ ಸ್ಟೋರಿನ ಹಿಂದೆ ಹೋದಾಗ ಗೋಣಿಯಲ್ಲಿ ಸುತ್ತಿಟ್ಟ ಒಂದು ಸ್ಲಿಂಗ್ ಕಂಡಿತು. ಬಿಚ್ಚಿ ನೋಡಿದರೆ ಮುಕ್ಕಾಲು ಕತ್ತರಿಸಿ ಹೋಗಿತ್ತು. ಅದು ಹರಿಯುವಾಗ ಕೆಳಗೆ ಯಾರೋ ಇದ್ದಿರಬಹುದು, ಕೂದಲೆಳೆಯಲ್ಲಿ ಉಳಿದಿರಬಹುದು. ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. "ನೋ ಪ್ರಾಬ್ಲಂ ಸರ್" ಎಂದು ಎಲ್ಲರೂ ನಕ್ಕರು. ನಿಜ ಹೇಳಿದವನ ಬ್ಲಾಂಕೆಟ್ ಹೋಗುತ್ತದೆ, ಸುಮ್ಮನಿದ್ದವನಿಗೆ ಸಿಗುತ್ತದೆ ಎಂದು ಮುನ್ನೂರು ಜನರಿಗೆ ನಾನೇ ಪಾಠ ಮಾಡಿದ್ದೆ. ಹೊಸಬರೇ, ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ: ಪೆಟ್ಟಿಗೆ ತುಂಬಿದ ದಿನ ಹೆದರಬೇಡಿ, ಖಾಲಿಯಾದ ದಿನ ಹೆದರಿ.

ಬುಧವಾರ ಡ್ಯೂಟಿ ಬಿಟ್ಟ ಮೇಲೆ ಉಸ್ಮಾನಾಕನ ರೂಮಿಗೆ ಹೋದೆ. ಅವನು ಊರಿಗೆ ಒಯ್ಯುವ ಕಾರ್ಟನ್ನಿಗೆ ಹಗ್ಗ ಬಿಗಿಯುತ್ತಿದ್ದ. ನನ್ನನ್ನು ಕಂಡು ಮುಖ ಗಂಟಾಯಿತು, ಆದರೆ ಕೈ ಕೆಟಲಿನ ಕಡೆಗೇ ಹೋಯಿತು.

"ಕೂತ್ಕೊಳ್ಳಿ. ಮೊದಲು ಚಾ ಕುಡಿರಿ, ಮತ್ತೆ ಎಂತ ಹೇಳ್ಲಿಕ್ಕುಂಟೋ ಹೇಳಿ."

ಸಿಟ್ಟಿನಲ್ಲಿ ಅವನು ಹಾಕಿದ ಸಕ್ಕರೆ ಎರಡು ಚಮಚ ಹೆಚ್ಚೇ ಇತ್ತು. ಅರ್ಧ ಕುಡಿದಾಗ ಅವನ ಫೋನ್ ಬಡಿಯಿತು. ಹಗ್ಗ ಹಿಡಿದ ಕೈ ಬಿಡದೆ ಸ್ಪೀಕರ್ ಒತ್ತಿದ. ಮುದುಕರ ದನಿ.

"ಉಸ್ಮಾನಾ, ಮೈಕು ಸರಿ ಆಯ್ತಾ?"

"ಇಲ್ಲ ಉಪ್ಪ. ಪಾರ್ಟ್ ಬರ್ಲಿಕ್ಕುಂಟು."

"ಅಷ್ಟು ದೊಡ್ಡ ಕಂಪನಿಗೆ ಒಂದು ಮೈಕು ರಿಪೇರಿ ಮಾಡ್ಲಿಕ್ಕೆ ಆಗುದಿಲ್ವಾ?"

ಫೋನ್ ಇಟ್ಟ ಮೇಲೆ ಉಸ್ಮಾನಾಕ ನನ್ನ ಮುಖ ನೋಡಲಿಲ್ಲ. "ಮತ್ತೆ ಎಂತ ಹೇಳುದು ಪೊರ್ಬುಗಳೇ? ನಿಜ ಹೇಳಿದ್ದಕ್ಕೆ ಹೆಸರು ತೆಗೆದ್ರು ಅಂತ ಉಪ್ಪನಿಗೆ ಹೇಳ್ಲಿಕ್ಕೆ ಆಗ್ತದಾ? ಸುಳ್ಳು ಹೇಳ್ಬಾರ್ದು ಅಂತ ಕಲಿಸಿದವರೇ ಅವರು." ಕಾರ್ಟನ್ನಿನ ಹಗ್ಗಕ್ಕೆ ಇನ್ನೊಂದು ಗಂಟು ಹಾಕುತ್ತಾ, "ದಿನಾ ಎಂಟು ಗಂಟೆಗೆ ಫೋನಿನ ಹತ್ತಿರ ಬಂದು ಕೂತ್ಕೊಳ್ತಾರಂತೆ" ಎಂದ.

ನನಗೆ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು. "ನಾಳೆ ಮೈಕು ಸರಿ ಆಗ್ತದೆ, ಅವರಿಗೆ ಹೇಳಿ" ಎಂದೆ.

"ನನಗೆ ದಾನ ಬೇಡ. ನನ್ನ ಚೀಟಿ ವಾಪಸ್ ತೆಗೆಯುದೂ ಇಲ್ಲ."

"ನೀವು ತೆಗೆಯುದು ಬೇಡ. ನನ್ನದೊಂದು ಚೀಟಿ ಉಂಟು" ಎಂದೆ.

ಗುರುವಾರ ಬೆಳಗ್ಗೆ ಡ್ರಮ್ಮು ಹತ್ತಿದೆ. ಏಣಿಯಿಂದ ಬಿದ್ದ ದಿನವೂ ಅಷ್ಟು ಭಯವಾಗಿರಲಿಲ್ಲ. "ನಾನು ಪಾಸ್ಕಲ್. ನನ್ನಪ್ಪ ಜೊಕಿಂ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದರು. ನನ್ನ ಊರು ಶಿರ್ವ" ಎಂದೆ. ಆಮೇಲೆ ನನ್ನ ನಿಯರ್ ಮಿಸ್ ಚೀಟಿಯನ್ನು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಕೊನೆಗೆ ಕನ್ನಡದಲ್ಲಿ ಓದಿದೆ. 'ಏನಾಯಿತು: ತಪ್ಪನ್ನು ತಾನಾಗಿ ಹೇಳಿದವನ ಬಹುಮಾನ ಕಿತ್ತುಕೊಂಡೆ. ಯಾರಿಗೆ ಅಪಾಯ: ನಿಮಗೆಲ್ಲ. ಕಾರಣ: ನಾನು ಬರೆದ ಏಳನೆಯ ಕಾಲಂ. ತಪ್ಪು ಯಾರದು: ನನ್ನದು.' ಫಾರ್ಮು ತೆಗೆದು ಎಲ್ಲರಿಗೂ ಕಾಣುವಂತೆ ಆ ಕಾಲಮ್ಮಿಗೆ ಅಡ್ಡಗೆರೆ ಹೊಡೆದೆ. ಹಿಂದಿನ ಸಾಲಿನಿಂದ ಒಬ್ಬ ಮೆಲ್ಲಗೆ ಕೈಯೆತ್ತಿ, "ಸರ್, ಸ್ಟೋರಿನ ಹಿಂದೆ ಇರುವ ಸ್ಲಿಂಗ್ ನನ್ನದು" ಎಂದ. ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ರಫೀಕ್ ಬ್ಲಾಂಕೆಟ್ ಹೊತ್ತು ಓಡಿ ಬಂದ. ಒಂದು ವಾರ ಹೊದ್ದು ಮಲಗಿದ್ದರಿಂದ ಹುಲಿಗೆ ಅವನ ತಲೆಯೆಣ್ಣೆಯ ವಾಸನೆ ಬಂದಿತ್ತು. ಸ್ಟೆಲಿಯೋಸ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಉಸ್ಮಾನಾಕನ ಹೆಗಲಿಗೆ ಹಾಕಿದರು, ಸೆಕೆಯಲ್ಲಿ, ಎಲ್ಲರ ಎದುರು. ತಮ್ಮ ದೇಶದ ವೀರರು ಅಳಲು ನಾಚುವುದಿಲ್ಲ ಎಂದು ಅವರು ಎಷ್ಟೋ ಸಲ ಹೇಳಿದ್ದರು. ಆ ದಿನ ಮಾಡಿ ತೋರಿಸಿದರು, ಮೂಗು ಸೀಟಿದ ಸದ್ದು ಮೈಕಿನಲ್ಲಿ ಮೂರು ಸಲ ಕೇಳಿತು.

ಉಸ್ಮಾನಾಕ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನನ್ನ ಕೈಗೆ ಕೊಟ್ಟ. ಮೈಕು ಹಿಡಿದ.

"ನಾನು ಉಸ್ಮಾನ್. ನನ್ನ ಉಪ್ಪ ಕುಂಞಿಮೋನು. ಮಂಗಳೂರು ಬಂದರಿನಲ್ಲಿ ನಲವತ್ತು ವರ್ಷ ತಲೆಯ ಮೇಲೆ ಮೂಟೆ ಹೊತ್ತವರು. ಒಂದು ಮೂಟೆ ಬೀಳಿಸಿದವರಲ್ಲ."

ಮುನ್ನೂರು ಹೆಲ್ಮೆಟ್ಟುಗಳು ಬಡಿದುಕೊಂಡವು. ಗದ್ದಲ ನಿಂತ ಮೇಲೆ ಫೋನಿನಲ್ಲಿ ಕೆಮ್ಮು ಕೇಳಿತು. ನಾನು ಅದನ್ನು ಮೈಕಿನ ಹತ್ತಿರ ಹಿಡಿದೆ.

"ಯಾರದು ಫೋನ್ ಹಿಡ್ಕೊಂಡದ್ದು?"

"ನಾನು ಇಲ್ಲಿಯ ಸೇಫ್ಟಿ ಆಫೀಸರ್, ಬ್ಯಾರಿಗಳೇ."

"ನೀವಾ ತಪ್ಪು ಎಲ್ಲ ಬರ್ಕೊಳ್ಳುದು?"

"ಹೌದು."

"ಹಾಗಾದ್ರೆ ಕೇಳಿ. ಅವನು ಹೇಳಿದ್ದು ಪೂರ್ತಿ ಸರಿ ಅಲ್ಲ. ಒಂದು ಬಿದ್ದಿದೆ. ಅಕ್ಕಿ ಮೂಟೆ, ಹಲಗೆಯಿಂದ ಕಾಲು ಜಾರಿ ನೀರಿಗೆ ಬಿತ್ತು. ಯಾರೂ ನೋಡ್ಲಿಲ್ಲ, ನಾನೂ ಹೇಳ್ಲಿಲ್ಲ. ಇವತ್ತಿನವರೆಗೆ ಹೇಳ್ಲಿಲ್ಲ." ಮುದುಕರು ಉಸಿರು ಎಳೆದುಕೊಂಡರು. "ಬರ್ಕೊಳ್ಳಿ."

ಉಸ್ಮಾನಾಕ ಬಾಯಿ ತೆರೆದುಕೊಂಡು ಫೋನನ್ನೇ ನೋಡುತ್ತಿದ್ದ. ನಾನು ಜೇಬಿನಿಂದ ಚೀಟಿ ಪುಸ್ತಕ ತೆಗೆದು, ಡ್ರಮ್ಮಿನ ಮೇಲೆ ನಿಂತೇ ಬರೆದೆ. ಹೆಸರು ಕುಂಞಿಮೋನು, ಸ್ಥಳ ಮಂಗಳೂರು ಬಂದರು, ಭಾರ ಒಂದು ಮೂಟೆ ಅಕ್ಕಿ, ಗಾಯಗೊಂಡವರು ಯಾರೂ ಇಲ್ಲ. ಬರೆದದ್ದನ್ನು ಅವರಿಗೆ ಓದಿ ಹೇಳಿ ಸಹಿ ಹಾಕಿದೆ.